ಯಕೃತ್ತಿನ ರೋಗಕ್ಕೆ ಶೇಕಡಾವಾರು ಅಳತೆ: ಅಮೆರಿಕದ ಮಾಜಿ ಸೈನಿಕರ ಪರಿಹಾರದ ಚರಿತ್ರೆ

ಅಮೆರಿಕದಲ್ಲಿ ಮಾಜಿ ಸೈನಿಕರ ಅಂಗವೈಕಲ್ಯವನ್ನು ಸೊನ್ನೆಯಿಂದ ನೂರರವರೆಗೆ ಹತ್ತು ಹತ್ತರ ಮೆಟ್ಟಿಲಲ್ಲಿ ಅಳೆಯುತ್ತಾರೆ. ಇದರ ಮೊದಲ ಕೋಷ್ಟಕ 1921ರಲ್ಲಿ ಬಂತು. ಇಂದಿನ ವ್ಯವಸ್ಥೆಯ ಬುನಾದಿ 1945ರದು. ಗಾಯವಾಗಲಿ ರೋಗವಾಗಲಿ, ಮನುಷ್ಯನ ದುಡಿಯುವ ಶಕ್ತಿಯನ್ನು ಸರಾಸರಿ ಎಷ್ಟು ಕುಗ್ಗಿಸುತ್ತದೆ ಎಂಬುದೇ ಅಲ್ಲಿನ ಮಾನದಂಡ. ಕಾಲು ಕಳೆದುಕೊಂಡವನ ವಿಷಯದಲ್ಲಿ ಈ ಲೆಕ್ಕ ಸುಲಭ. ಯಕೃತ್ತು ಮಾತ್ರ ಹತ್ತಾರು ವರ್ಷ ಸುಳಿವು ಕೊಡದೆ ಕೆಡುತ್ತದೆ. ಅದು ತಿಳಿಯುವ ಹೊತ್ತಿಗೆ ಸೈನಿಕ ಸೇನೆ ಬಿಟ್ಟು ಬಹುಕಾಲವಾಗಿರುತ್ತದೆ.

ಹೀಗಾಗಿ ರೋಗ ಸೇವೆಯಲ್ಲಿದ್ದಾಗಲೇ ಅಂಟಿತೆಂದು ತೋರಿಸುವುದು ದೊಡ್ಡ ತೊಡಕು. 1942ರಲ್ಲಿ ಸೇನೆಯೇ ಹಾಕಿಸಿದ ಹಳದಿ ಜ್ವರದ ಲಸಿಕೆಯಲ್ಲಿ ಸೋಂಕಿತ ಮಾನವ ರಕ್ತಸಾರ ಸೇರಿತ್ತು. ಅದರಿಂದ ಹೆಪಟೈಟಿಸ್ ಬಿ ಹರಡಿ ಸುಮಾರು 50,000 ಸೈನಿಕರು ಕಾಮಾಲೆಗೆ ತುತ್ತಾದರು. ಆ ಕಾಮಾಲೆ ಕಣ್ಣಿಗೆ ಕಾಣುವಂತಿತ್ತು. ವಿಯೆಟ್ನಾಂ ಯುದ್ಧದವರ ಪಾಡು ಇನ್ನೂ ಕಷ್ಟದ್ದು: ಅವರಲ್ಲಿ ಅನೇಕರನ್ನು ಕಾಡಿದ ಹೆಪಟೈಟಿಸ್ ಸಿ ವೈರಸ್ ಪತ್ತೆಯಾದದ್ದೇ 1989ರಲ್ಲಿ. ಸೈನಿಕರನ್ನು ಸಾಲಾಗಿ ನಿಲ್ಲಿಸಿ ಒಂದೇ ಯಂತ್ರದಿಂದ ಒತ್ತಡದಲ್ಲಿ ಲಸಿಕೆ ನುಗ್ಗಿಸಿದಾಗ ಸೋಂಕು ಹರಡಿರಬಹುದು ಎಂಬ ಸಾಧ್ಯತೆಯನ್ನು ಮಾಜಿ ಸೈನಿಕರ ಇಲಾಖೆ 2004ರಲ್ಲಿ ಒಪ್ಪಿತು. ಆದರೂ ತನಗೆ ಸೋಂಕು ಬಂದದ್ದು ಹಾಗೆಯೇ ಎನ್ನಲು ಪ್ರತಿಯೊಬ್ಬನೂ ವೈದ್ಯರ ಅಭಿಪ್ರಾಯ ತರಬೇಕಾಯಿತು. ಇನ್ನು, ಯಕೃತ್ತಿನದೂ ಸೇರಿ ಕುಡಿತದಿಂದ ಹುಟ್ಟಿದ ರೋಗಕ್ಕೆ ಪರಿಹಾರವಿಲ್ಲವೆಂದು 1990ರ ಕಾನೂನು ಹೇಳಿತ್ತು. ಯುದ್ಧದ ಮಾನಸಿಕ ಆಘಾತವೇ ಕುಡಿತಕ್ಕೆ ಕಾರಣವಾಗಿದ್ದರೆ ಪರಿಹಾರ ಕೊಡಬಹುದೆಂದು 2001ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತದ್ದು ನ್ಯಾಯವೇ ಸರಿ.

ಅದೇ ವರ್ಷ ಜುಲೈನಲ್ಲಿ ಕೋಷ್ಟಕದಲ್ಲಿ ಹೆಪಟೈಟಿಸ್ ಸಿಗೆ ಪ್ರತ್ಯೇಕ ಸಂಕೇತ ಸಂಖ್ಯೆ 7354 ಸಿಕ್ಕಿತು. ಆಯಾಸ, ಹಸಿವಿಲ್ಲದಿರುವುದು, ತೂಕ ಇಳಿಯುವುದರ ಜೊತೆಗೆ, ವರ್ಷದಲ್ಲಿ ಎಷ್ಟು ವಾರ ಹಾಸಿಗೆ ಹಿಡಿದದ್ದೆಂಬುದೂ ಲೆಕ್ಕಕ್ಕೆ ಬಂತು: ಒಂದು ವಾರಕ್ಕೆ ಶೇ. 10, ಎರಡಕ್ಕೆ 20, ನಾಲ್ಕಕ್ಕೆ 40, ಆರಕ್ಕೆ 60. ಆ ವಾರಗಳಲ್ಲಿ ಹಾಸಿಗೆಯ ವಿಶ್ರಾಂತಿಯೂ ವೈದ್ಯರ ಚಿಕಿತ್ಸೆಯೂ ಬೇಕಾಗಿದ್ದಿರಬೇಕಿತ್ತು. ಸುಸ್ತನ್ನು ನುಂಗಿಕೊಂಡು ಕೆಲಸಕ್ಕೆ ಹೋಗುತ್ತಿದ್ದವನಿಗೆ ಈ ನಿಯಮದಿಂದ ಅನ್ಯಾಯವೇ ಆಯಿತು.

2014ರ ನಂತರ ಹೊಸ ಮಾತ್ರೆಗಳು ಹೆಪಟೈಟಿಸ್ ಸಿಯನ್ನು ಕೆಲವೇ ತಿಂಗಳಲ್ಲಿ ಗುಣಪಡಿಸತೊಡಗಿದವು. ವೈರಸ್ ಹೋದರೂ ಯಕೃತ್ತು ಗಟ್ಟಿಯಾಗಿ ಉಂಟಾದ ಸಿರೋಸಿಸ್ ಉಳಿಯಬಹುದು. ಅದಕ್ಕೆ 7312 ಎಂಬ ಬೇರೆಯೇ ಸಂಕೇತವಿದೆ. 2024ರ ಮೇ 19ರಿಂದ ಹಾಸಿಗೆ ಹಿಡಿದ ವಾರಗಳ ಲೆಕ್ಕ ಹೋಗಿ, ಸಿರೋಸಿಸ್‌ಗೆ 'ಮೆಲ್ಡ್' ಅಂಕ ಬಂತು. ಬಿಲಿರುಬಿನ್, ಕ್ರಿಯಾಟಿನಿನ್, ರಕ್ತ ಹೆಪ್ಪುಗಟ್ಟುವ ವೇಗ ಇವುಗಳಿಂದ ಕಟ್ಟುವ ಈ ಅಂಕವನ್ನು ಯಕೃತ್ತಿನ ಕಸಿಗೆ ಕಾದವರ ಸರದಿ ನಿರ್ಧರಿಸಲು 2002ರಿಂದಲೇ ಬಳಸುತ್ತಿದ್ದರು. ಈಗ ಅದು 15 ಮುಟ್ಟಿದರೆ ಅಂಗವೈಕಲ್ಯ ಶೇ. 100 ಎಂದೇ ಪರಿಗಣನೆ.