ಹಿಡಿಯುವ ಹುಚ್ಚು, ಬಿಡುವ ಹುಚ್ಚು

ತೀರಿಕೊಂಡ ಚಿಕ್ಕಪ್ಪನ ಬಗ್ಗೆ ನಾಲ್ಕು ಮಾತು ಬರೆಯಲು ಕೂತ ಓದುಗರೊಬ್ಬರು ಪತ್ರ ಹಾಕಿದ್ದಾರೆ. ಅಕ್ಕರೆಯ ಮನುಷ್ಯ, ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ನೋಡುವ ಕುತೂಹಲ, ಜೊತೆಗೆ ಬಹುಕಾಲದ ಸ್ಕಿಜೋಫ್ರೇನಿಯಾ. ‘ಹುಚ್ಚು’ ಎಂದು ಬರೆದರೆ ಮನೆಯವರಿಗೆ ನೋವು, ‘ಮಾನಸಿಕ ಅಸ್ವಸ್ಥ’ ಎಂದರೆ ಸುತ್ತೋಲೆ ಓದಿದ ಹಾಗೆ. ಯಾವುದು ಸರಿ ಎಂಬುದು ಅವರ ಪ್ರಶ್ನೆ. ನಾಮಪದ ಬದಲಿಸಿ ಹೆಚ್ಚಿನ ಪ್ರಯೋಜನವಿಲ್ಲ, ಕ್ರಿಯಾಪದ ನೋಡಿಕೊಳ್ಳಿ ಎಂಬುದು ನನ್ನ ಪಕ್ಷ. ಬೆಂಗಳೂರಿನ ಲುನಾಟಿಕ್ ಅಸೈಲಮ್ 1925ರಲ್ಲಿ ಮೆಂಟಲ್ ಹಾಸ್ಪಿಟಲ್ ಆಯಿತು. ಮರ್ಯಾದೆಗೆಂದು ಇಟ್ಟ ಹೆಸರು ಅದು. ಇವತ್ತು ಸಿಗ್ನಲ್ಲಿನಲ್ಲಿ ಯಾರಾದರೂ ಅಡ್ಡ ಬಂದರೆ ‘ಮೆಂಟ್ಲಾ ನೀನು?’ ಎನ್ನುತ್ತಾರೆ. ಅದೇ ಆಸ್ಪತ್ರೆ ಸೇರಿಕೊಂಡು 1974ರಲ್ಲಿ ಹುಟ್ಟಿದ ನಿಮ್ಹಾನ್ಸ್ ಎಂಬ ಹೆಸರನ್ನೂ ನಮ್ಮ ಹುಡುಗರು ಬೈಗುಳಕ್ಕೆ ಇಳಿಸಿಯಾಗಿದೆ. ತೊಳೆದಿಟ್ಟ ಪದವನ್ನು ಕೊಳೆ ಮಾಡಲು ನಮಗೆ ಎರಡು ತಲೆಮಾರು ಸಾಕು.

ಕನ್ನಡದ ಹಳೆಯ ಮಾತಿನಲ್ಲಿ ಹುಚ್ಚು ‘ಹಿಡಿಯುತ್ತದೆ’, ‘ಬಿಡುತ್ತದೆ’. ನೆಗಡಿಯೂ ಹಿಡಿಯುತ್ತದೆ, ಜ್ವರವೂ ಬಿಡುತ್ತದೆ. ಕೆಲಸ ಮಾಡುವುದು ಕಾಯಿಲೆ. ಮನುಷ್ಯ ಪಕ್ಕದಲ್ಲಿ ಬೇರೆಯಾಗಿಯೇ ಉಳಿಯುತ್ತಾನೆ. ‘ಹುಚ್ಚು ಬಿಡೋವರೆಗೂ ಮದುವೆಯಾಗಲ್ಲ, ಮದುವೆಯಾಗೋವರೆಗೂ ಹುಚ್ಚು ಬಿಡಲ್ಲ’ ಎಂಬ ಗಾದೆಯನ್ನು ಈಗ ರಸ್ತೆ ಕಾಮಗಾರಿಗೂ ಸಾಲ ಮಂಜೂರಾತಿಗೂ ಅಂಟಿಸುತ್ತಾರೆ. ಅದರೊಳಗೆ ಇಬ್ಬರು ಮಾತಾಡುತ್ತಿದ್ದಾರೆ ಎಂದು ನನ್ನ ಊಹೆ. ಮೊದಲರ್ಧ ಹೆಣ್ಣು ಕೊಡಬೇಕಾದವರದು, ಎರಡನೆಯದು ‘ಒಂದು ಮದುವೆ ಮಾಡಿ, ಎಲ್ಲ ಸರಿಹೋಗುತ್ತೆ’ ಎನ್ನುವ ಹಿರಿಯರದು. ಆ ಎರಡನೆಯ ಮದ್ದನ್ನು ಇಂದಿಗೂ ಮನೆಗಳಲ್ಲಿ ಹಂಚುತ್ತಾರೆ. ಅದನ್ನು ನುಂಗಬೇಕಾದವಳು ಮಾತ್ರ ಬೇರೆ ಮನೆಯ ಹುಡುಗಿ. ಗಾದೆ ಈ ಇಬ್ಬರನ್ನೂ ಎದುರುಬದುರು ಕೂರಿಸಿ ನಗುತ್ತದೆ. ಅಷ್ಟಾದರೂ ಹುಚ್ಚು ಬಿಡುವಂಥದ್ದು ಎಂಬುದನ್ನು ಇಬ್ಬರೂ ಅಲ್ಲಗಳೆಯುವುದಿಲ್ಲ, ಅದನ್ನು ಗಮನಿಸಿ. ಕೆಟ್ಟದ್ದು ‘ಹುಚ್ಚ’, ‘ಹುಚ್ಚಿ’ ಎಂದು ಪ್ರತ್ಯಯ ಹತ್ತಿಸಿದಾಗ: ಬಿಟ್ಟುಹೋಗಲು ಕಾಯಿಲೆಗೆ ಜಾಗವೇ ಇಲ್ಲ, ಮನುಷ್ಯನೇ ಕಾಯಿಲೆ. (ಹುಚ್ಚೆಳ್ಳನ್ನು ಯಾರೂ ಬೈಗುಳವೆಂದು ತಿಳಿಯುವುದಿಲ್ಲ. ದನ ಮುಟ್ಟದೆಂದು ರಾಗಿ ಹೊಲದ ಅಂಚಿಗೆ ಹಾಕುತ್ತಿದ್ದ, ಎಳ್ಳಿನ ಶಿಸ್ತಿಲ್ಲದ ಎಳ್ಳು ಎಂದಷ್ಟೇ ಆ ‘ಹುಚ್ಚು’ ಇರಬೇಕು ಎಂಬುದು ನನ್ನ ಹಟ. ಚಟ್ನಿಪುಡಿ ಚಪ್ಪರಿಸುವವರು ತಕರಾರು ತೆಗೆದದ್ದಿಲ್ಲ.)

‘ಹಿಡಿಯುವುದು’ ಎಂದರೆ ದೆವ್ವ ಹಿಡಿದಂತಲ್ಲವೆ, ಜನ ಡಾಕ್ಟರನ್ನು ಬಿಟ್ಟು ಮಂತ್ರವಾದಿಯ ಹತ್ತಿರ ಓಡುವುದಿಲ್ಲವೆ ಎಂದರೆ, ಓಡುತ್ತಾರೆ, ಸುಳ್ಳಲ್ಲ. ಆದರೆ ನೆಗಡಿ ಹಿಡಿದಾಗ ಓಡುವುದಿಲ್ಲ. ಆದ್ದರಿಂದ ತಪ್ಪನ್ನು ಪೂರ್ತಿ ಕ್ರಿಯಾಪದದ ತಲೆಗೆ ಕಟ್ಟಲಾಗದು. ಇನ್ನೂ ಗಟ್ಟಿಯಾದ ಆಕ್ಷೇಪ, ಕೆಲವು ಕಾಯಿಲೆಗಳು ಜನ್ಮವಿಡೀ ಬಿಡುವುದಿಲ್ಲವಲ್ಲ ಎಂಬುದು. ಇದಕ್ಕೆ ಇಂಗ್ಲಿಷ್ ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬನ ಅಕ್ಕ ಮೇರಿ ಲ್ಯಾಂಬ್ ನೆನಪಾಗುತ್ತಾಳೆ. 1796ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಮನೆಯಲ್ಲಿ ಅವಳು ಬುದ್ಧಿ ಕೆರಳಿದ ಗಳಿಗೆಯಲ್ಲಿ ತಾಯಿಯನ್ನೇ ಇರಿದು ಕೊಂದಳು. ಇಪ್ಪತ್ತೊಂದರ ತಮ್ಮ ಚಾರ್ಲ್ಸ್ ಅವಳ ಹೊಣೆ ಹೊತ್ತ. 1847ರಲ್ಲಿ ಸಾಯುವವರೆಗೂ ಅವಳಿಗೆ ಕಾಯಿಲೆ ಮತ್ತೆ ಮತ್ತೆ ಹಿಡಿಯಿತು, ಮತ್ತೆ ಮತ್ತೆ ಬಿಟ್ಟಿತು. ಸೂಚನೆ ಕಂಡಾಗ ಅಕ್ಕ ತಮ್ಮ ಇಬ್ಬರೂ ಅಳುತ್ತ ಆಸ್ಪತ್ರೆಯ ಕಡೆ ನಡೆದುಹೋಗುತ್ತಿದ್ದುದನ್ನು ಸ್ನೇಹಿತರು ಕಂಡಿದ್ದಾರೆ. ಬಿಟ್ಟ ದಿನಗಳಲ್ಲಿ ಅವಳು ಓದಿದಳು, ಬರೆದಳು, ಮನೆಗೆ ಬಂದವರನ್ನು ಆದರಿಸಿದಳು. ಪೂರ್ತಿ ವಾಸಿಯಾಗದೆಯೂ ಬಿಡುವು ಇರುತ್ತದೆ. ‘ಬಿಡುವು’ ಕೂಡ ಅದೇ ‘ಬಿಡು’ವಿನ ಕೂಸು.

ಚಾರ್ಲ್ಸ್ ತನ್ನ ‘ಈಲಿಯಾ’ ಪ್ರಬಂಧಗಳಲ್ಲಿ ಅವಳನ್ನು ಬ್ರಿಜೆಟ್ ಎಂಬ ಸೋದರಸಂಬಂಧಿಯನ್ನಾಗಿ ಮಾಡಿದ. ಕತೆ ಎಂದರೆ ಪ್ರಾಣ, ಚಿಕ್ಕಂದಿನಲ್ಲೇ ಹಳೆಯ ಪುಸ್ತಕಗಳ ನಡುವೆ ಮೇಯ್ದು ಬೆಳೆದವಳು, ನಾಲ್ಕು ಜನರ ನಡುವೆಯೂ ಪುಸ್ತಕದಿಂದ ತಲೆಯೆತ್ತದೆ, ಪ್ರಶ್ನೆಯನ್ನು ಪೂರ್ತಿ ಅರ್ಥಮಾಡಿಕೊಳ್ಳದೆಯೇ ಹೌದು-ಇಲ್ಲ ಎಂದುಬಿಡುವವಳು, ದೊಡ್ಡ ಕಷ್ಟದಲ್ಲಿ ಒದಗುವವಳು. ಕಾಯಿಲೆಯ ಸುದ್ದಿಯನ್ನು ಆತ ಎತ್ತುವುದೇ ಇಲ್ಲ. ಇದು ಮುಚ್ಚುಮರೆ ಎಂದು ಯಾರಾದರೂ ಹೇಳಿದರೆ ನಾನು ಜಗಳಕ್ಕೆ ಬರುವುದಿಲ್ಲ. ಬದುಕಿರುವ ಅಕ್ಕನನ್ನು ಬೀದಿಯ ನಾಲಗೆಯಿಂದ ಉಳಿಸಬೇಕಿತ್ತು ಅವನಿಗೆ. ಚಿಕ್ಕಪ್ಪ ತೀರಿಹೋಗಿರುವ ನಮ್ಮ ಓದುಗರಿಗೆ ಆ ಕಟ್ಟು ಇಲ್ಲ. ‘ಆಗಾಗ ಹುಚ್ಚು ಹಿಡಿಯುತ್ತಿತ್ತು’ ಎಂದು ಒಂದು ಸಾಲಿನಲ್ಲಿ ಬರೆದು, ಮಿಕ್ಕ ಪುಟವನ್ನು ಚಿಕ್ಕಪ್ಪ ಬಿಚ್ಚಿ ಹಾಕಿದ ವಸ್ತುಗಳಿಗೆ ಕೊಡಲಿ. ಚಾರ್ಲ್ಸ್ ಮೇಲೆ ನನ್ನ ತಕರಾರು ಬೇರೆ. ನಮ್ಮ ಇಂಗ್ಲಿಷ್ ಮೇಷ್ಟರುಗಳು ಓದಿಸುತ್ತಿದ್ದ ಷೇಕ್ಸ್‌ಪಿಯರ್ ಕತೆಗಳ ಪುಸ್ತಕ 1807ರಲ್ಲಿ ಬಂದಾಗ ಮುಖಪುಟದಲ್ಲಿದ್ದದ್ದು ಅವನೊಬ್ಬನ ಹೆಸರು. ಇಪ್ಪತ್ತರಲ್ಲಿ ಹದಿನಾಲ್ಕು ಕತೆ ಮೇರಿಯವು.