ಬಹುವಚನ ಕೊಟ್ಟರೆ ಸಿಟ್ಟು ಬರುವ ಊರು

ಗಂಡನ ಕೆಲಸದ ನೆಪದಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಎರಡು ವರ್ಷ ಇದ್ದೆ. ಮೊದಲ ಚಳಿಗಾಲದಲ್ಲೇ ಬಿಡದ ಕೆಮ್ಮು ಹಿಡಿಯಿತು. ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ ಕಾಯುತ್ತ ಕೂತಿದ್ದಾಗ, ಅರವತ್ತರ ಹತ್ತಿರದ ಡಾಕ್ಟರೇ ಬಾಗಿಲಿಗೆ ಬಂದು ನನ್ನ ಹೆಸರು ಹಿಡಿದು ಕರೆದರು. ಕೈಕುಲುಕಿ ತಮ್ಮ ಹೆಸರು ಹೇಳಿದರು. ಬರೀ ಹೆಸರು. ಹಿಂದೆ ಡಾಕ್ಟರ್ ಇಲ್ಲ, ಮುಂದೆ ಮನೆತನದ ಹೆಸರೂ ಇಲ್ಲ. ಅವರನ್ನು ನಾನು 'ದು' ಎಂದೇ ಮಾತಾಡಿಸಬೇಕಿತ್ತು. 'ದು' ಎಂದರೆ ಅಪ್ಪಟ 'ನೀನು'. ಮೈಸೂರಿನ ನಮ್ಮ ಹಳೆಯ ಡಾಕ್ಟರಿಗೆ "ನೀನು ಏನಂತೀಯ, ಎಕ್ಸ್‌ರೇ ಬೇಕಾ?" ಎಂದು ಕೇಳುವುದನ್ನು ಊಹಿಸಿಕೊಳ್ಳಿ. ನನ್ನ ನಾಲಗೆ ಹೊರಳಲಿಲ್ಲ.

ಆಮೇಲೆ ತಿಳಿಯಿತು, ಅಲ್ಲಿ ಪ್ರೊಫೆಸರಿಗೂ 'ದು', ಮಂತ್ರಿಗೂ 'ದು'. ರಾಜಮನೆತನದವರು ಮಾತ್ರ ಇದಕ್ಕೆ ಹೊರತು. ಎದುರಿಗೇ ನಿಂತಿದ್ದರೂ "ರಾಜರಿಗೆ ಪ್ರಯಾಣ ಸುಖವಾಯಿತೇ?" ಎಂದು ಅಲ್ಲಿಲ್ಲದವರ ಬಗ್ಗೆ ಕೇಳುವಂತೆ ಕೇಳಬೇಕು.

ಇದಕ್ಕಿಂತ ದೊಡ್ಡ ಒಗಟು ಎದುರು ಮನೆಯ ಅಜ್ಜಿಯಿಂದ ಬಂತು. ಎಂಬತ್ತು ದಾಟಿದ ಆಕೆ ಒಂದು ಮಧ್ಯಾಹ್ನ ಕಾಫಿ ಅಂಗಡಿಯಿಂದ ಸಿಡಿಮಿಡಿ ಎನ್ನುತ್ತ ಬಂದರು. "ಆ ಹುಡುಗ ನನಗೆ 'ನಿ' ಅಂದ!" ಆ ಪದದ ಉಚ್ಚಾರ ಹೆಚ್ಚುಕಡಿಮೆ ನಮ್ಮ 'ನೀ' ಇದ್ದ ಹಾಗೆಯೇ. ಕನ್ನಡದ ಕಿವಿಗೆ ಅವರ ಸಿಟ್ಟು ಸಹಜ ಎನಿಸಿತು. ಮೊಮ್ಮಗನ ವಯಸ್ಸಿನವನು ನೀ ಅನ್ನಬಹುದೇ? ಮೆಟ್ಟಿಲು ಹತ್ತುವಾಗ ನೆನಪಾಯಿತು: ಸ್ವೀಡಿಷ್‌ನಲ್ಲಿ 'ನಿ' ಎಂದರೆ 'ನೀವು'. ಹುಡುಗ ಬಹುವಚನ ಕೊಟ್ಟಿದ್ದ. ಗೌರವ ಕೊಟ್ಟಿದ್ದಕ್ಕೆ ಸಿಟ್ಟೇ?

ಉತ್ತರ ಆ ದೇಶದ ಚರಿತ್ರೆಯಲ್ಲಿದೆ. 1960ರ ದಶಕದವರೆಗೂ ಸ್ವೀಡನ್ನಿನಲ್ಲಿ 'ದು' ಮನೆಯವರಿಗೆ, ಗೆಳೆಯರಿಗೆ, ಮಕ್ಕಳಿಗೆ ಮಾತ್ರ. ಉಳಿದವರನ್ನು ಅವರವರ ಪದವಿಯಿಂದಲೇ ಕರೆಯಬೇಕಿತ್ತು, ಅದೂ ಪ್ರಥಮ ಪುರುಷದಲ್ಲಿ. "ಡಾಕ್ಟರಿಗೆ ಇನ್ನೊಂದು ಲೋಟ ಕಾಫಿ ಬೇಕೇ?" ಎಂದು ಡಾಕ್ಟರನ್ನೇ ಕೇಳಬೇಕು. ನಮ್ಮಲ್ಲೂ "ಸಾಹೇಬರು ಊಟ ಮಾಡ್ತಾರಾ?" ಎಂದು ಸಾಹೇಬರ ಮುಖ ನೋಡಿಯೇ ಕೇಳುವುದುಂಟಲ್ಲ, ಹಾಗೆ. ಹೆಂಡತಿಗೆ ಗಂಡನ ಪದವಿಯೇ ಸ್ತ್ರೀಲಿಂಗದಲ್ಲಿ ಸಲ್ಲುತ್ತಿತ್ತು. ಪ್ರೊಫೆಸರರ ಹೆಂಡತಿ 'ಪ್ರೊಫೆಸೋರ್‌ಸ್ಕಾ'. ಎದುರಿನವರ ಪದವಿ ಗೊತ್ತಿಲ್ಲದಿದ್ದರೆ ಮಾತೇ ನಿಂತುಹೋಗುವ ಪರಿಸ್ಥಿತಿ. ಹಾಗಾಗಿ ಜನ ಕರ್ಮಣಿ ಪ್ರಯೋಗದ ಮೊರೆಹೋದರು. ಅಂಗಡಿಯವರು "ಏನು ಬೇಕು ನಿಮಗೆ?" ಎನ್ನುವ ಬದಲು "ಏನು ಬಯಸಲಾಗಿದೆ?" ಎನ್ನುತ್ತಿದ್ದರು. ಕರ್ತೃವೇ ಇಲ್ಲ, ತಪ್ಪಿನ ಭಯವೂ ಇಲ್ಲ. ನಗು ಬರುತ್ತದೆ, ನಿಜ. ಆದರೆ ನೀನೋ ನೀವೋ ಎಂದು ಗೊತ್ತಾಗದ ದೂರದ ನೆಂಟರನ್ನು ಮದುವೆಮನೆಯಲ್ಲಿ ನಾವು ಹೇಗೆ ಮಾತಾಡಿಸುತ್ತೇವೆ? "ಊಟ ಆಯ್ತಾ? ಯಾವಾಗ ಬಂದಿದ್ದು?" ಇಲ್ಲೂ ಕರ್ತೃ ನಾಪತ್ತೆ.

ಇಷ್ಟೆಲ್ಲ ಕಷ್ಟಪಡುವ ಬದಲು 'ನಿ' ಬಳಸಬಹುದಿತ್ತಲ್ಲ? ಪದವೇನೋ ಇತ್ತು. ಹಳೆಯ ಸ್ವೀಡಿಷ್‌ನಲ್ಲಿ 'ನೀವು' ಎಂಬುದಕ್ಕೆ 'ಈ' ಎಂಬ ಪದವಿತ್ತು. ಅದರ ಹಿಂದಿನ ಕ್ರಿಯಾಪದದ ಕೊನೆಯ 'ನ್' ಅದಕ್ಕೆ ಅಂಟಿಕೊಂಡು 'ನಿ' ಹುಟ್ಟಿತು. ಫ್ರೆಂಚರ 'ವೂ', ಜರ್ಮನರ 'ಜೀ' ಇದ್ದಂತೆ ಇದೂ ಎಲ್ಲರಿಗೂ ಸಲ್ಲುವ ಗೌರವದ ಪದ ಆಗಬಹುದಿತ್ತು. ಆಗಲಿಲ್ಲ. ಪದವಿ ಇದ್ದವರು ಪದವಿ ಇಲ್ಲದವರನ್ನು 'ನಿ' ಎಂದರು. ಪದವಿ ಇಲ್ಲದವರು ತಿರುಗಿ 'ನಿ' ಎನ್ನುವಂತಿರಲಿಲ್ಲ, ಪದವಿ ಹೇಳಿಯೇ ಉತ್ತರಿಸಬೇಕಿತ್ತು. ವ್ಯಾಕರಣದಲ್ಲಿ ಬಹುವಚನವಾದ ಪದ ಬಳಕೆಯಲ್ಲಿ 'ಕರೆಯಲು ನಿನಗೊಂದು ಪದವಿಯೂ ಇಲ್ಲ' ಎಂಬ ಅರ್ಥ ಪಡೆಯಿತು. 'ನಿ'ಯನ್ನು ಎಲ್ಲರಿಗೂ ಸಲ್ಲುವ ಪದ ಮಾಡಲು ಹಲವರು ಯತ್ನಿಸಿ ಸೋತರು. ಒಮ್ಮೆ ಮೈಲಿಗೆಯಾದ ಪದ ಮಡಿಯಾಗಲಿಲ್ಲ.

ಎದುರು ಮನೆಯ ಅಜ್ಜಿ ಹದಿನಾರರ ಹುಡುಗಿಯಾಗಿದ್ದಾಗ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದರಂತೆ. ದೊಡ್ಡ ಮನೆಯ ಹೆಂಗಸರು ಬಂದು 'ನಿ' ಎನ್ನುತ್ತಿದ್ದರು. ಈಕೆ 'ಅಮ್ಮನವರಿಗೆ' ಎಂದು ಉತ್ತರಿಸಬೇಕಿತ್ತು. ಎಪ್ಪತ್ತು ವರ್ಷ ಹಿಂದಿನ ಆ ಅಂಗಡಿಯನ್ನು ಕಾಫಿ ಹುಡುಗ ಗೊತ್ತಿಲ್ಲದೆ ಮತ್ತೆ ತೆರೆದಿದ್ದ. 1980ರ ದಶಕದಿಂದ ಈಚೆಗೆ ಅಂಗಡಿ, ಹೋಟೆಲುಗಳ ಎಳೆಯರು ಗಿರಾಕಿಗಳಿಗೆ ಮರ್ಯಾದೆಯೆಂದು 'ನಿ' ಎನ್ನತೊಡಗಿದ್ದಾರೆ. ಅವರಿಗೆ ಅದರ ಹಳೆಯ ಗಾಯ ಗೊತ್ತಿಲ್ಲ.

ಹಾಗಾದರೆ 'ದು' ಗೆದ್ದಿದ್ದು ಹೇಗೆ? ಎಲ್ಲರೂ ಹೇಳುವ ಹೆಸರು ಬ್ರೂರ್ ರೆಕ್ಸೆಡ್. ಉಪ್ಸಾಲಾದಲ್ಲಿ ಅಂಗರಚನಾಶಾಸ್ತ್ರದ ಪ್ರೊಫೆಸರ್. ಬೆನ್ನುಹುರಿಯ ಪದರಗಳಿಗೆ ಇಂದಿಗೂ ಅವರದೇ ಹೆಸರು. 1967ರಲ್ಲಿ ದೇಶದ ವೈದ್ಯಕೀಯ ಇಲಾಖೆಯ ಮುಖ್ಯಸ್ಥರಾದಾಗ, ಮೊದಲ ಭಾಷಣದಲ್ಲೇ ಸಿಬ್ಬಂದಿಯೆಲ್ಲರನ್ನೂ ಹೆಸರು ಹಿಡಿದು 'ದು' ಎನ್ನುವುದಾಗಿ ಸಾರಿದರು. 1969ರಲ್ಲಿ ಪ್ರಧಾನಿಯಾದ ಉಲೊಫ್ ಪಾಲ್ಮೆ ಟಿವಿಯಲ್ಲಿ ಪತ್ರಕರ್ತರೊಡನೆ 'ದು' ಎಂದೇ ಮಾತಾಡಿದರು. ಕೆಲವೇ ವರ್ಷಗಳಲ್ಲಿ ದೇಶವೇ ಬದಲಾಯಿತು.

ಒಬ್ಬರ ಭಾಷಣದಿಂದ ಭಾಷೆ ಬದಲಾಗುವುದಿಲ್ಲ. ಕಾರ್ಮಿಕ ಸಂಘಟನೆಗಳಲ್ಲಿ, ಎಳೆಯರಲ್ಲಿ 'ದು' ಆಗಲೇ ಹಬ್ಬಿತ್ತು. ಆದರೂ ರೆಕ್ಸೆಡ್ ಕಥೆಯ ಒಂದು ಅಂಶ ನನ್ನನ್ನು ಕಾಡುತ್ತದೆ. ಹಳೆಯ ಸ್ವೀಡನ್ನಿನಲ್ಲಿ ಇಬ್ಬರು 'ಪದವಿ ಬದಿಗಿಡಬೇಕು' ಎಂದರೆ ಅದಕ್ಕೊಂದು ಶಾಸ್ತ್ರವಿತ್ತು. ಲೋಟ ಎತ್ತಿ ಕುಡಿದು, ಅಂದಿನಿಂದ 'ದು' ಎನ್ನಬೇಕು. ಆ ಮಾತು ತೆಗೆಯುವ ಹಕ್ಕು ದೊಡ್ಡವರದು ಮಾತ್ರ. ರೆಕ್ಸೆಡ್ ಹಳೆಯ ಕಟ್ಟಳೆ ಮುರಿದದ್ದೂ ಹಳೆಯ ಕಟ್ಟಳೆಯ ಪ್ರಕಾರವೇ. ಕುರ್ಚಿಯಲ್ಲಿದ್ದವರು ಮೊದಲು ಇಳಿದರು.

ಭಾಷಾವಿಜ್ಞಾನ ಓದುವಾಗ ಬ್ರೌನ್ ಮತ್ತು ಗಿಲ್ಮನ್ 1960ರಲ್ಲಿ ಬರೆದ ಪ್ರಬಂಧವೊಂದು ಪಠ್ಯದಲ್ಲಿತ್ತು. ಇಬ್ಬರೂ ಪರಸ್ಪರ ಒಂದೇ ಸರ್ವನಾಮ ಬಳಸಿದರೆ ಅಲ್ಲಿ ಸಲುಗೆಯೋ ದೂರವೋ ಇರುತ್ತದೆ. ಒಬ್ಬರು ನೀನು, ಇನ್ನೊಬ್ಬರು ನೀವು ಎಂದರೆ ಅಲ್ಲಿ ಇರುವುದು ಅಧಿಕಾರ. ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದ್ದೆ. ನಮ್ಮ ಮನೆಯಲ್ಲಿ ಅಪ್ಪ ಅಮ್ಮನಿಗೆ ನೀನು, ಅಮ್ಮ ಅಪ್ಪನಿಗೆ ನೀವು ಎನ್ನುವುದು ಆಗ ನೆನಪಿಗೇ ಬಂದಿರಲಿಲ್ಲ.

ಈಗ ಪುಣೆಯಲ್ಲಿದ್ದೇವೆ. ಅಡುಗೆಗೆ ಬರುವವರು ಕಲಬುರಗಿ ಕಡೆಯವರು, ಐವತ್ತು ದಾಟಿದವರು. ಇಲ್ಲಿಯ ರೂಢಿಯಂತೆ ಅವರನ್ನು 'ಮಾವಶಿ' ಎನ್ನುತ್ತೇನೆ, ಎಂದರೆ ಚಿಕ್ಕಮ್ಮ. ಅದೇ ಉಸಿರಿನಲ್ಲಿ "ನೀ ನಾಳೆ ಬೇಗ ಬಾ" ಎನ್ನುತ್ತಿದ್ದೆ. ನನಗಿಂತ ಅಷ್ಟು ದೊಡ್ಡವರು ನನ್ನನ್ನು "ಅಕ್ಕಾರ, ನೀವು" ಎನ್ನುತ್ತಿದ್ದರು. ಒಂದು ದಿನ ಧೈರ್ಯ ಮಾಡಿ, "ಮಾವಶಿ, ನೀವು ನಾಳೆ ಬೇಗ ಬರ್ರಿ" ಎಂದೆ.

ಸೌಟು ಕೆಳಗಿಟ್ಟರು. "ಯಾಕ್ರೀ ಅಕ್ಕಾರ, ಕೆಲಸ ಬಿಡಸ್ತೀರೇನು?"

ಇಲ್ಲ ಇಲ್ಲ, ನೀವು ದೊಡ್ಡವರು, ಅದಕ್ಕೆ ಎಂದೆ. ಅವರು ಸ್ವಲ್ಪ ಯೋಚಿಸಿ ಕೇಳಿದರು: "ಹಂಗಾರ ನಾ ನಿಮಗ ನೀ ಅಂದ್ರ ನಡೀತೈತೇನ್ರಿ?"

ನಡೆಯುತ್ತದೆ ಎನ್ನಲು ನನಗೆ ಎರಡು ಗಳಿಗೆ ಹಿಡಿಯಿತು. ಆ ಎರಡು ಗಳಿಗೆ ಅವರ ಲೆಕ್ಕಕ್ಕೂ ಬಂತು. ಮತ್ತೆ ಸೌಟು ಎತ್ತಿಕೊಂಡರು.

ಈಗ ನಾನು ಅವರಿಗೆ ನೀವು ಎನ್ನುತ್ತೇನೆ. ಅವರೂ ನನಗೆ ನೀವು ಎಂದೇ ಎನ್ನುತ್ತಾರೆ. ಗಡಿಬಿಡಿಯಲ್ಲಿ ಒಮ್ಮೊಮ್ಮೆ ಬಾಯಿಗೆ 'ಬಾ' ಬಂದುಬಿಡುತ್ತದೆ. ಅವರು ಏನೂ ಹೇಳುವುದಿಲ್ಲ. ಒಮ್ಮೆ ತಿರುಗಿ ನೋಡುತ್ತಾರೆ, ಅಷ್ಟೆ.