ವಜ್ರಕ್ಕೂ ಒಂದು ಅಂಕಪಟ್ಟಿ



ನಾನು ಬಿ.ಎಸ್‌ಸಿ. ಸೇರಿದ ವರ್ಷ ಮನೆಯಲ್ಲಿ ಹಣದ ಅಡಚಣೆ. ನನ್ನ ತಾಯಿ ತವರಿನಿಂದ ಬಂದಿದ್ದ ವಜ್ರದ ಓಲೆಗಳನ್ನು ಮಾರಲು ನಿರ್ಧರಿಸಿದರು. "ಬ್ಲೂ ಜಾಗರ್ ಹರಳು, ಒಳ್ಳೆಯ ಬೆಲೆ ಬರುತ್ತೆ" ಎಂದು ಅಜ್ಜಿ ಹೇಳಿ ಕಳಿಸಿದ್ದರು. ಅಂಗಡಿಯವರು ಭೂತಗನ್ನಡಿ ಹಿಡಿದು ನೋಡಿ, "ಸ್ವಲ್ಪ ಹಳದಿ ಇದೆ ತಾಯಿ, ಒಳಗೆ ಚುಕ್ಕೆಯೂ ಇದೆ" ಎಂದು ನಾವು ಎಣಿಸಿದ್ದರಲ್ಲಿ ಅರ್ಧದಷ್ಟು ಹೇಳಿದರು. ತಾಯಿ ಮರುಮಾತಾಡದೆ ಕೊಟ್ಟು ಬಂದರು. ಅವರು ಸುಳ್ಳು ಹೇಳಿದರೆಂದು ನಾನು ಹೇಳಲಾರೆ. ಆದರೆ ನಿಜ ಹೇಳಿದರೆಂದು ತಿಳಿಯುವ ದಾರಿಯೂ ನಮಗಿರಲಿಲ್ಲ.

ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಅಥವಾ ಇದರ ತಿರುಗುಮುರುಗು. ವಜ್ರದ ವ್ಯಾಪಾರದಷ್ಟೇ ಹಳೆಯದಾದ ತೊಡಕು ಇದು. ಇಂದು ಆಭರಣದ ಅಂಗಡಿಯಲ್ಲಿ ಹರಳಿನ ಜೊತೆಗೆ ಕೊಡುವ ಪ್ರಮಾಣಪತ್ರ ಈ ತೊಡಕಿಗೆ ಮನುಷ್ಯ ಹುಡುಕಿಕೊಂಡ ಉತ್ತರ. ಆ ಉತ್ತರ ರೂಪುಗೊಂಡ ಬಗೆಯನ್ನು ನೋಡೋಣ.

ವಜ್ರವನ್ನು ಪರೀಕ್ಷಿಸುವ ವಿದ್ಯೆ ನಮ್ಮ ದೇಶಕ್ಕೆ ಹೊಸದಲ್ಲ. 6ನೇ ಶತಮಾನದ ವರಾಹಮಿಹಿರ ತನ್ನ 'ಬೃಹತ್ಸಂಹಿತೆ'ಯಲ್ಲಿ ವಜ್ರಪರೀಕ್ಷೆಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಎಂಟು ಬಿಳಿ ಸಾಸಿವೆ ಕಾಳು ಸೇರಿದರೆ ಒಂದು ಅಕ್ಕಿಕಾಳಿನ ತೂಕ ಎಂಬುದು ಅವನ ಅಳತೆ. ಹರಳಿನೊಳಗಿನ ದೋಷಗಳಿಗೆ ಅವನಲ್ಲಿ ಕಾಗೆಯ ಕಾಲು, ನೊಣ, ಕೂದಲು ಎಂಬ ಹೆಸರುಗಳಿವೆ. ಇಂದಿನ ಪ್ರಯೋಗಾಲಯಗಳೂ ಇಂಥವೇ ದೋಷಗಳನ್ನು ಗರಿ, ಮೋಡ, ಸೂಜಿಮೊನೆ ಎಂದು ಕರೆಯುತ್ತವೆ. ನೋಟ ಬದಲಾಗಿಲ್ಲ, ಉಪಮೆ ಬದಲಾಗಿದೆ! ಆದರೆ ಅದೇ ಗ್ರಂಥದಲ್ಲಿ, ಉತ್ತಮ ವಜ್ರ ನೀರಿನ ಮೇಲೆ ತೇಲುತ್ತದೆ ಎಂಬ ಮಾತೂ ಇದೆ. ವಜ್ರದ ಸಾಂದ್ರತೆ ಘನ ಸೆಂಟಿಮೀಟರಿಗೆ 3.52 ಗ್ರಾಂ. ಅದು ತೇಲುವುದೋ ಮುಳುಗುವುದೋ ಎಂಬುದನ್ನು ನೀವೇ ಹೇಳಬಲ್ಲಿರಿ. ಸೂಕ್ಷ್ಮ ಅವಲೋಕನವೂ ಪರೀಕ್ಷಿಸದ ನಂಬಿಕೆಯೂ ಒಂದೇ ಪುಟದಲ್ಲಿ ಇರಬಹುದು ಎಂಬ ಪಾಠ ಇಲ್ಲಿದೆ.

ಈಗ ಸಾವಿರ ವರ್ಷ ದಾಟಿ 17ನೇ ಶತಮಾನಕ್ಕೆ ಬನ್ನಿ. ಟ್ಯಾವರ್ನಿಯೇ ಎಂಬ ಫ್ರೆಂಚ್ ರತ್ನವ್ಯಾಪಾರಿ ಬಿಜಾಪುರದ ಸುಲ್ತಾನರ ಸೀಮೆಯಲ್ಲಿದ್ದ ರಾವಲ್‌ಕೊಂಡ ಎಂಬ ಗಣಿಗೆ ಬಂದಿದ್ದ. ಅಲ್ಲಿ ಕಂಡದ್ದನ್ನು 1676ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಬರೆದ. ಊರಿನ ಮರದ ಕೆಳಗೆ ಹತ್ತರಿಂದ ಹದಿನೈದು ಹದಿನಾರು ವಯಸ್ಸಿನ ಹುಡುಗರು, ಅಂದರೆ ಹೆಚ್ಚುಕಡಿಮೆ ನಿಮ್ಮದೇ ವಯಸ್ಸಿನವರು, ಬೆಳಗ್ಗೆ ಬಂದು ಕೂರುತ್ತಿದ್ದರು. ಒಬ್ಬೊಬ್ಬರ ಬಳಿಯೂ ತೂಕದ ಬೊಟ್ಟುಗಳ ಚೀಲ, ಚಿನ್ನದ ವರಹಗಳ ಥೈಲಿ. ಯಾರಾದರೂ ವಜ್ರ ತಂದರೆ ಅದನ್ನು ಹಿರಿಯ ಹುಡುಗ ನೋಡಿ ಪಕ್ಕದವನಿಗೆ ಕೊಡುತ್ತಿದ್ದ. ಒಬ್ಬರೂ ಮಾತಾಡದೆ ಹರಳು ಎಲ್ಲರ ಕೈ ಸುತ್ತಿ ಬರುತ್ತಿತ್ತು. ಸಂಜೆ ಕೊಂಡದ್ದನ್ನೆಲ್ಲ ಅವರು ಬಣ್ಣ, ತೂಕ, ನಿರ್ಮಲತೆಗಳ ಪ್ರಕಾರ ವಿಂಗಡಿಸುತ್ತಿದ್ದರು. ಈ ಮೂರು ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತವೆ.

ಟ್ಯಾವರ್ನಿಯೇ ಇನ್ನೊಂದು ಸಂಗತಿ ಹೇಳುತ್ತಾನೆ. ಯೂರೋಪಿನವರು ಹರಳನ್ನು ಹಗಲು ಬೆಳಕಿನಲ್ಲಿ ನೋಡಿದರೆ, ಇಲ್ಲಿನವರು ರಾತ್ರಿ, ಗೋಡೆಯ ಗೂಡಿನಲ್ಲಿಟ್ಟ ದಪ್ಪ ಬತ್ತಿಯ ದೀಪದ ಮುಂದೆ ನೋಡುತ್ತಿದ್ದರು. ನೀಲಿ ಛಾಯೆ ಇದೆಯೇ ಎಂದು ತಿಳಿಯಲು ಎಲೆ ದಟ್ಟವಾದ ಮರದ ಹಸಿರು ನೆರಳಿಗೆ ಒಯ್ಯಬೇಕಿತ್ತು. ಅಂಥ ನೀಲಿ ಅವನ ಲೆಕ್ಕದಲ್ಲಿ ಎಲ್ಲಕ್ಕಿಂತ ಕೀಳು. ನಮ್ಮ ಅಜ್ಜಿಯ ಕಾಲಕ್ಕೆ ಬಂದರೆ ನೀಲಿಯೇ ಮೇಲು! ದಕ್ಷಿಣ ಆಫ್ರಿಕದ ಜಾಗರ್ಸ್‌ಫಾಂಟೇನ್ ಗಣಿಯ ನೀಲಿ ಹೊಳಪಿನ ಹರಳುಗಳಿಂದ 'ಬ್ಲೂ ಜಾಗರ್' ಎಂಬ ಹೆಸರು ಬಂತು. ಆಮೇಲೆ ಎಲ್ಲಿಂದ ಬಂದ ಹರಳಿಗೂ ಆ ಹೆಸರು ಅಂಟಿಕೊಂಡಿತು. ಹೀಗೆ ಒಂದೇ ಮಾತಿಗೆ ಊರಿಗೊಂದು ಅರ್ಥವಾದರೆ ಬೆಲೆ ನಿರ್ಧರಿಸುವುದು ಯಾರು? ಬಲ್ಲವನು, ಅಷ್ಟೆ.

ಅಳತೆಯ ಗೊಂದಲ ಮೊದಲು ಬಗೆಹರಿಯಿತು. ಕ್ಯಾರೆಟ್ ತೂಕ ಊರಿಂದೂರಿಗೆ ಬೇರೆಯಾಗಿತ್ತು. 1907ರಲ್ಲಿ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಸಮ್ಮೇಳನ ಒಂದು ಕ್ಯಾರೆಟ್ಟಿಗೆ 200 ಮಿಲಿಗ್ರಾಂ ಎಂದು ಒಪ್ಪಿತು. ಭಾಷೆಯ ಗೊಂದಲ ಮಾತ್ರ ಉಳಿಯಿತು. ರಾಬರ್ಟ್ ಶಿಪ್ಲಿ ಎಂಬ ಅಮೆರಿಕದ ಆಭರಣ ವ್ಯಾಪಾರಿ, ತನ್ನ ಕಸುಬಿನವರಿಗೆ ರತ್ನವಿಜ್ಞಾನ ಕಲಿಸಲು 1931ರಲ್ಲಿ ಜಿಐಎ ಎಂಬ ಸಂಸ್ಥೆಯನ್ನು ಆರಂಭಿಸಿದರು. ಅದೇ ಸಂಸ್ಥೆಯ ರಿಚರ್ಡ್ ಲಿಡಿಕೋಟ್ ಮತ್ತು ಸಂಗಡಿಗರು 1953ರಲ್ಲಿ ದರ್ಜೆ ಕೊಡುವ ಪದ್ಧತಿಯನ್ನು ರೂಪಿಸಿದರು. ಮೊದಲ ವರದಿಗಳು 1955ರಲ್ಲಿ ಹೊರಬಂದವು.

ಬಣ್ಣದ ದರ್ಜೆ 'ಡಿ' ಅಕ್ಷರದಿಂದ ಶುರುವಾಗಿ 'ಝಡ್'ವರೆಗೆ ಹೋಗುತ್ತದೆ. ನಿಮ್ಮ ಪರೀಕ್ಷೆಯಲ್ಲಿ 'ಡಿ' ಬಂದರೆ ಮನೆಯಲ್ಲಿ ಬೈಗುಳ. ವಜ್ರಕ್ಕೆ ಅದೇ ಅತ್ಯುತ್ತಮ, ಅಂದರೆ ಬಣ್ಣವೇ ಇಲ್ಲ ಎಂದರ್ಥ. ವ್ಯಾಪಾರಿಗಳು ಎ, ಡಬಲ್ ಎ, ತ್ರಿಬಲ್ ಎ ಎಂದು ಮನಬಂದಂತೆ ಬಳಸಿ ಆ ಅಕ್ಷರಗಳನ್ನು ಸವೆಸಿದ್ದರಿಂದ, ಯಾರೂ ಮುಟ್ಟದ ಅಕ್ಷರದಿಂದ ಆರಂಭಿಸಿದರು. ಹಳದಿ ಛಾಯೆಗೆ ಸಾಮಾನ್ಯವಾಗಿ ಕಾರಣ ಇಂಗಾಲದ ನಡುವೆ ಸೇರಿಕೊಂಡ ಸಾರಜನಕ. ಬಣ್ಣವನ್ನು ನೋಡುವಾಗ ಹರಳನ್ನು ಬಿಳಿಯ ಹಿನ್ನೆಲೆಯಲ್ಲಿ ಬೋರಲಾಗಿಟ್ಟು, ನಿಗದಿಯಾದ ಬೆಳಕಿನಲ್ಲಿ, ಮಾದರಿ ಹರಳುಗಳ ಪಕ್ಕದಲ್ಲಿ ಹೋಲಿಸುತ್ತಾರೆ. ನಮ್ಮ ಸ್ಟುಡಿಯೋದಲ್ಲಿ ಚಿತ್ರೀಕರಣಕ್ಕೆ ಮುನ್ನ ಕ್ಯಾಮೆರಾಕ್ಕೆ ಬಿಳಿ ಹಾಳೆ ತೋರಿಸುತ್ತೇವೆ. ಯಾವುದು ಬಿಳಿ ಎಂದು ಮೊದಲು ಒಪ್ಪಿಕೊಳ್ಳದಿದ್ದರೆ ಉಳಿದ ಬಣ್ಣಗಳ ಮಾತೇ ಇಲ್ಲ. ತತ್ತ್ವ ಎರಡೂ ಕಡೆ ಒಂದೇ.

ನಿರ್ಮಲತೆಯನ್ನು ಹತ್ತುಪಟ್ಟು ಹಿಗ್ಗಿಸಿ ನೋಡಿ, ದೋಷರಹಿತದಿಂದ ಬರಿಗಣ್ಣಿಗೂ ಕಾಣಬಹುದಾದ ದೋಷದವರೆಗೆ ಹನ್ನೊಂದು ದರ್ಜೆಗಳಲ್ಲಿ ಹೇಳುತ್ತಾರೆ. ತೂಕ ದಶಾಂಶದ ಎರಡು ಸ್ಥಾನದವರೆಗೆ ಇರುತ್ತದೆ. ಬಣ್ಣ, ತೂಕ, ನಿರ್ಮಲತೆ: ಮರದ ಕೆಳಗಿನ ಹುಡುಗರ ಮೂರು ಮಾತುಗಳೇ ಇವು. ನಾಲ್ಕನೆಯದಾದ ಕತ್ತರಿಸಿದ ಗುಣಕ್ಕೆ ಜಿಐಎ ದರ್ಜೆ ಕೊಡತೊಡಗಿದ್ದು 2006ರಿಂದ, ಅದೂ ದುಂಡು ಹರಳುಗಳಿಗೆ. ಅಜ್ಜಿಯ ನೀಲಿಗೂ ವರದಿಯಲ್ಲಿ ಜಾಗವಿದೆ. ಅತಿನೇರಳೆ ಕಿರಣ ಬಿದ್ದಾಗ ಹರಳು ಎಷ್ಟು ಹೊಳೆಯುತ್ತದೆ ಎಂಬುದನ್ನು ಪ್ರತ್ಯೇಕವಾಗಿ ಬರೆಯುತ್ತಾರೆ. ಅದು ಮೇಲೋ ಕೀಳೋ ಎಂದು ಹೇಳುವುದಿಲ್ಲ. ತೀರ್ಪು ಓದುವವನಿಗೆ ಬಿಟ್ಟದ್ದು.

ಹಾಗಾದರೆ ಕಾಗದವನ್ನು ಕಣ್ಣು ಮುಚ್ಚಿ ನಂಬಬಹುದೆ? ಇಲ್ಲ. ದರ್ಜೆ ಕೊಡುವುದು ಮನುಷ್ಯರ ಕಣ್ಣು. ಅದಕ್ಕೇ ಒಂದೇ ಹರಳನ್ನು ಒಬ್ಬರಿಗಿಂತ ಹೆಚ್ಚು ತಜ್ಞರು ಬೇರೆಬೇರೆಯಾಗಿ ನೋಡುತ್ತಾರೆ. 2005ರಲ್ಲಿ ಜಿಐಎ ಸಂಸ್ಥೆಯ ನ್ಯೂಯಾರ್ಕ್ ಪ್ರಯೋಗಾಲಯದಲ್ಲೇ ಲಂಚದ ಆರೋಪ ಕೇಳಿಬಂದು, ವಿಚಾರಣೆಯ ಬಳಿಕ ನಾಲ್ವರು ನೌಕರರು ಕೆಲಸ ಕಳೆದುಕೊಂಡರು. ಇನ್ನೊಂದು ಕಾಕತಾಳೀಯ ನೋಡಿ: ಮೊದಲ ವರದಿಗಳು ಬಂದ 1955ರಲ್ಲೇ ಜನರಲ್ ಎಲೆಕ್ಟ್ರಿಕ್ ಕಂಪನಿ ತಾನು ವಜ್ರ ತಯಾರಿಸಿದ್ದಾಗಿ ಘೋಷಿಸಿತು. ಪ್ರಯೋಗಾಲಯದ ವಜ್ರ ಇಂದು ಅಂಗಡಿಗೇ ಬಂದಿದೆ. ಅದೂ ಇಂಗಾಲವೇ, ಬರಿಗಣ್ಣಿಗೆ ವ್ಯತ್ಯಾಸ ತಿಳಿಯದು.

ಆದ್ದರಿಂದ ಪ್ರಮಾಣಪತ್ರ ಕೈಗೆ ಬಂದಾಗ ಹೀಗೆ ಓದಿ. ಕೊಟ್ಟವರು ಮಾರುವವರೋ, ಮಾರಾಟಕ್ಕೆ ಸಂಬಂಧವಿಲ್ಲದ ಪ್ರಯೋಗಾಲಯವೋ? ಹರಳು ನೆಲದಿಂದ ಬಂದದ್ದೋ, ತಯಾರಿಸಿದ್ದೋ? ಬಣ್ಣ ಅಥವಾ ಬಿರುಕು ತಿದ್ದುವ ಸಂಸ್ಕಾರ ಆಗಿದೆಯೋ? ಹರಳಿನ ಅಂಚಿನಲ್ಲಿ ಲೇಸರಿನಿಂದ ಕೊರೆದ ಸಂಖ್ಯೆ ಇದ್ದರೆ ಅದು ಕಾಗದದ ಸಂಖ್ಯೆಗೆ ಹೊಂದುತ್ತದೆಯೋ? ಬೆಲೆಯನ್ನು ಮಾತ್ರ ಈ ವರದಿಯಲ್ಲಿ ಹುಡುಕಬೇಡಿ. ಅಂಕಪಟ್ಟಿ ನಿಮ್ಮ ಅಂಕ ಹೇಳುತ್ತದೆ, ನಿಮಗೆ ಸಿಗುವ ಸಂಬಳ ಹೇಳುವುದಿಲ್ಲ; ಹಾಗೆಯೇ ಇದು.

ಅಂದು ಇಂಥದೊಂದು ಕಾಗದವಿದ್ದರೆ ಓಲೆಗೆ ಹೆಚ್ಚು ಹಣ ಬರುತ್ತಿತ್ತೋ ಇಲ್ಲವೋ. ಹರಳು ನಿಜವಾಗಿಯೂ ಹಳದಿಯೇ ಇದ್ದಿರಬಹುದು. ಆದರೆ "ಎಷ್ಟು ಹಳದಿ?" ಎಂದು ತಾಯಿ ಒಂದು ಮಾತು ಕೇಳಬಹುದಿತ್ತು.